ರೌಟರಿನ ಬೆಳಗಿನ ಐದು ಗಂಟೆ

ರಿಟೈರ್ ಆದ ಮೇಲೆ ಬೈಲಹೊಂಗಲದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ನಾನೊಂದು ಇಂಟರ್‌ನೆಟ್ ಸೆಂಟರ್ ಇಟ್ಟಿದ್ದೆ. ಮಕ್ಕಳಿಗೆ ಗ್ರಾಮರ್ ಹೇಳಿ ಹೇಳಿ ದಣಿದಿದ್ದೆ. ಮಷೀನುಗಳಾದರೂ ಹೇಳಿದ ಮಾತು ಕೇಳಿಯಾವು ಎಂಬ ಆಸೆ. ಆನೆಸ್ಟ್ಲಿ, ಅವೂ ಕೇಳಲಿಲ್ಲ. ಎಲ್ಲ ಕಂಪ್ಯೂಟರುಗಳಿಗೂ ನೆಟ್ ಹಂಚುವ ರೌಟರ್ ದಿನಕ್ಕೊಮ್ಮೆ ಹಟ ಹಿಡಿದು ನಿಂತುಬಿಡುತ್ತಿತ್ತು. ಆಫ್ ಮಾಡಿ ಆನ್ ಮಾಡಿದರಷ್ಟೇ ಸರಿಹೋಗುವುದು. ಕೊನೆಗೆ ಬೆಳಗಾವಿಯ ಇಂಜಿನಿಯರ್ ಬಂದು, ದಿನಾ ಬೆಳಗಿನ ಐದಕ್ಕೆ ಅದು ತಾನಾಗಿಯೇ ರೀಸ್ಟಾರ್ಟ್ ಆಗುವಂತೆ ಕಮಾಂಡ್ ಹಾಕಿಕೊಟ್ಟ.

"ಇನ್ನ ನೀವು ನಸುಕಿನ್ಯಾಗ ಏಳೂದು ಬ್ಯಾಡ್ರಿ ಮೇಡಂ. ಅದ ಏಳತೈತಿ."

ಶುಕ್ರವಾರ ಮಧ್ಯಾಹ್ನ ಮೂರೂವರೆಗೆ ನಮ್ಮ ಓಣಿಯ ಒಬ್ಬ ಹೆಣ್ಣುಮಗಳು ಬರುತ್ತಿದ್ದಳು. ಗಂಡ ದುಬೈಯಲ್ಲಿ ಡ್ರೈವರ್. ಅಂದು ಅವನಿಗೆ ರಜೆ. ಮಗಳ ನಿಕಾಹ್ ಗೊತ್ತಾಗಿತ್ತು, ಅಪ್ಪ ಬರುವುದು ಯಾವಾಗೆಂದು ತಿಳಿಯದೆ ತಾರೀಖು ಹಿಡಿಯುವಂತಿರಲಿಲ್ಲ. ಅದೊಂದನ್ನು ಕೇಳಲೆಂದೇ ಅವಳು ಬರುವುದು. ಆದರೆ ನಮ್ಮ ಕಡೆ ಬಂದ ಕೆಲಸವನ್ನು ಮೊದಲಿಗೇ ಯಾರು ಬಾಯಿ ಬಿಟ್ಟು ಹೇಳುತ್ತಾರೆ? ಹೆಡ್‌ಫೋನ್ ಹಾಕಿಕೊಂಡು ಊಟವಾಯಿತೇ ಎಂದು ಶುರು ಮಾಡಿದರೆ, ಅತ್ತೆಯ ಕಣ್ಣು, ಎಮ್ಮೆ ಈದದ್ದು, ಸವದತ್ತಿಯ ನಾದಿನಿ, ರಾಮದುರ್ಗದ ಮೈದುನ, ಎಲ್ಲರ ಕ್ಷೇಮವೂ ಆಗಬೇಕು. ಆಮೇಲೆ ದನಿ ತಗ್ಗಿಸಿ, "ಬರೂದು ಯಾವಾಗ?"

ಅಷ್ಟರಲ್ಲಿ ಕಟ್.

"ಮತ್ತ ಕಟ್ ಮಾಡಿದ್ರು ನೋಡ್ರಿ ಅಕ್ಕೋರ."

"ಅವರಲ್ಲವ್ವಾ, ನೆಟ್ ಹೋತು. ಎರಡು ಮಿನಿಟ್ ಕುಂದ್ರು, ಬರತೈತಿ."

"ಎಮ್ಮಿ ಸುದ್ದಿ ಹೇಳೂವಾಗ ಇರತೈತಿ, ಬರೂ ಸುದ್ದಿ ತಗದ್ರ ಹೋಗತೈತಿ. ನಿಮ್ಮ ನೆಟ್ಟಿಗೂ ನಮ್ಮನಿಯವ್ರು ಹೇಳಿಕೊಟ್ಟಾರೇನ್ರಿ?" ಎಂದು ನಕ್ಕಳು. ನೆಟ್ ಬಂದ ಮೇಲೆ ಮತ್ತೆ ಹಚ್ಚಿದರೆ ಆ ಕಡೆ ಅವನು ಎದ್ದು ಹೋಗಿಯಾಗಿತ್ತು. ಮೂರನೆಯ ವಾರ ನಗಲಿಲ್ಲ. "ಅವರಿಗೆ ಬರೂ ಮನಸಿಲ್ರಿ. ಇನ್ನ ನಾ ಇಲ್ಲಿಗೆ ಬರಾಂಗಿಲ್ಲ" ಎಂದು ಎದ್ದು ಹೋದಳು.

ನಮಗೆಲ್ಲ ನೆಟ್ ಹೋಗುವುದು, ಕರೆಂಟ್ ಹೋಗುವುದು ದಿನದ ಪಾಡು. ಯಾರೂ ಗಡಿಯಾರ ನೋಡುತ್ತಿರಲಿಲ್ಲ. ಆ ದಿನ ನೋಡಿದೆ. ನಾಲ್ಕು. ಮರುದಿನವೂ ನಾಲ್ಕಕ್ಕೇ ಹೋಯಿತು. ಇಂಜಿನಿಯರನಿಗೆ ಫೋನ್ ಮಾಡಿದೆ.

"ಮುಂಜಾನೆ ಲೋಡ್ ಶೆಡ್ಡಿಂಗ್ ಐತೇನ್ರಿ ಮೇಡಂ?"

"ಆರಕ್ಕ ಹೋಗಿ ಹನ್ನೊಂದಕ್ಕ ಬರತೈತಪ್ಪಾ. ಯುಪಿಎಸ್ ಅಷ್ಟು ಹೊತ್ತು ತಡ್ಯಾಂಗಿಲ್ಲ."

"ಹಂಗಾರ ಅದ ರೀ. ರೌಟರಿನ ಗಡಿಯಾರಕ್ಕ ಬ್ಯಾಟರಿ ಇಲ್ಲ. ಕರೆಂಟ್ ಬಂದ ಕೂಡ್ಲೇ ರಾತ್ರಿ ಹನ್ನೆರಡು ಅಂತ ಎಣಸಾಕ ಶುರು ಮಾಡತೈತಿ."

ಹನ್ನೊಂದು ಅದಕ್ಕೆ ನಡುರಾತ್ರಿಯಾದರೆ, ನಮ್ಮ ನಾಲ್ಕು ಗಂಟೆ ಅದರ ಬೆಳಗಿನ ಐದು. ಪೂರ್ ಥಿಂಗ್, ಹೇಳಿದ ಕೆಲಸವನ್ನು ನಿಯತ್ತಿನಿಂದಲೇ ಮಾಡುತ್ತಿತ್ತು. ಕರೆಂಟ್ ಬಂದಾಗಲೆಲ್ಲ ನೆಟ್ಟಿನಿಂದಲೇ ಸರಿಯಾದ ಟೈಮ್ ಕೇಳಿಕೊಳ್ಳುವಂತೆ ಅವನು ಫೋನಿನಲ್ಲಿ ಒಂದೊಂದೇ ಅಕ್ಷರ ಹೇಳಿದ. ನಾನು ಕನ್ನಡಕ ಒರೆಸಿಕೊಳ್ಳುತ್ತ ಟೈಪ್ ಮಾಡಿದೆ.

ಶುಕ್ರವಾರ ಅವಳ ಮನೆಗೇ ಹೋಗಿ ಕರೆದುಕೊಂಡು ಬಂದೆ. ಅವಳು ಮಾತು ತೆಗೆಯುವ ಮೊದಲೇ ಗಂಡ ಏನೋ ಕೇಳಿದ. ಅವಳು ನನ್ನ ಕಡೆ ತಿರುಗಿದಳು.

"ನಾನ ಸಿಟ್ಟಿಲೆ ಎದ್ದು ಹೋಗ್ತಿದ್ನಿ ಅಂತ್ರಿ. ಅವರೂ ಹಂಗ ತಿಳಕೊಂಡಾರ!"

ಎಮ್ಮೆಯಾಯಿತು, ನಾದಿನಿಯಾಯಿತು. ನಾಲ್ಕು ದಾಟಿತು. ಬರುವ ಮಾತು ಕೇಳಿದಳು. ಲೈನ್ ಸ್ವಚ್ಛವಾಗಿತ್ತು. ಉತ್ತರ ಕೇಳುತ್ತ ಅವಳ ಕೈ ಸೆರಗಿನ ತುದಿಯನ್ನು ಸುತ್ತಿತು, ಬಿಚ್ಚಿತು.

"ಶೇಠ ರಜಾ ಕೊಡಾಂಗಿಲ್ಲಂತ್ರಿ. ತಮ್ಮ ಬದಲಿ ಹುಡುಗಿ ಮಾವನ್ನ ನಿಂದ್ರಿಸಿ ನಿಕಾ ಮಾಡಿ ಮುಗಸು ಅಂದ್ರು."

ಚಹಾ ಮಾಡಿಕೊಂಡು ಬರುವಷ್ಟರಲ್ಲಿ ಮುಗಿಸಿರುತ್ತಾಳೆ ಎಂದುಕೊಂಡು ಒಳಗೆ ಹೋದೆ. ಬಂದಾಗಲೂ ಹೆಡ್‌ಫೋನ್ ಕಿವಿಯಲ್ಲೇ ಇತ್ತು, ಬಾಯಿ ಮಾತ್ರ ಮುಚ್ಚಿತ್ತು.

"ಇನ್ನೂ ಅದಾರೇನು?" ಎಂದೆ ಮೆಲ್ಲಗೆ.

"ಅದಾರ್ರಿ. ಅವರೂ ಸುಮ್ಮನ ಕುಂತಾರ. ಇರ್ಲಿ ಬಿಡ್ರಿ, ಕಟ್ ಮಾಡಬ್ಯಾಡ್ರಿ."