ಪುಸ್ ಅಂದ ತೋಟೆ

ನೆಬ್ರಾಸ್ಕಾದ ಡೆಲ್ಮರ್ ಕ್ರಾಟೊಚ್‌ವಿಲ್ ಮೂವತ್ತು ವರ್ಷದಿಂದ ತನ್ನ ಕೋವಿಯ ತೋಟೆಗಳನ್ನು ತಾನೇ ತುಂಬುತ್ತಿದ್ದ. ಹಾರಿಸಿ ಬಿಸಾಕಿದ ಖಾಲಿ ತೋಟೆಗಳನ್ನು ಆಯ್ದು ತಂದು, ನೆಲಮಾಳಿಗೆಯಲ್ಲಿ ಕೂತು ಹೊಸದಾಗಿ ಮದ್ದು, ಅದರ ಮೇಲೆ ಬಿರಡೆ, ಸೀಸದ ಚರೆ ಹಾಕುವನು. ಒಂದು ಡಬ್ಬಿ ತೋಟೆಗೆ ಎರಡು ಡಾಲರ್ ಉಳಿಯುತ್ತದೆಂದು ಅವನಿಗೆ ಭಾರಿ ಹೆಮ್ಮೆ.

ಒಂದು ಭಾನುವಾರ, ಗಾಳಿಗೆ ಎಸೆದ ಮಣ್ಣಿನ ಬಿಲ್ಲೆಯನ್ನು ಕೋವಿಯಿಂದ ಹೊಡೆಯುವ ಪಂದ್ಯ. ಹೆಂಡತಿ ಲವಾನ್ ಅವನ ಹಿಂದೆ ಕೂತು ಅಂಕ ಬರೆಯುತ್ತಿದ್ದಳು. ಬಿಲ್ಲೆ ಹಾರಿತು, ಅವನು ಹೊಡೆದ. ಢಂ ಅನ್ನಬೇಕಾದ ಕೋವಿ ಪುಸ್ ಅಂದಿತು. ಬೈದುಕೊಳ್ಳುತ್ತಲೇ ಇನ್ನೊಂದು ತೋಟೆ ತುರುಕಿದ.

"ಡೆಲ್ಮರ್, ಹೊಡೀಬೇಡ! ನಳಿಗೆ ನೋಡು!" ಎಂದು ಲವಾನ್ ಕಿರುಚಿದಳು.

"ನೀನು ಅಂಕ ಬರಿ ಮಾರಾಯ್ತಿ, ನಂಗೇ ಕಲಿಸ್ತೀಯಾ?" ಅಂದ. ಆದರೂ ತೋಟೆ ತೆಗೆದು ನಳಿಗೆಯೊಳಗೆ ಇಣುಕಿದ.

ಆಚೆ ಕಡೆಯ ಬೆಳಕೇ ಕಾಣಲಿಲ್ಲ. ಮೊದಲಿನ ತೋಟೆಗೆ ಮದ್ದು ಹಾಕುವುದನ್ನೇ ಅವನು ಮರೆತಿದ್ದ. ತೋಟೆಯ ತಳದ ಕಿಡಿಯ ಬಲವೊಂದೇ ಸಾಲದೆ ಅದರ ಬಿರಡೆ ನಳಿಗೆಯ ನಡುವೆ ಸಿಕ್ಕಿಕೊಂಡಿತ್ತು. ಮತ್ತೆ ಹೊಡೆದಿದ್ದರೆ ನಳಿಗೆ ಅವನ ಎಡಗೈಯಲ್ಲೇ ಸಿಡಿಯುತ್ತಿತ್ತು.

ಡೆಲ್ಮರ್ ಕೋವಿಯನ್ನು ಕೆಳಗಿಟ್ಟ. ಹುಲ್ಲಿನ ಮೇಲೆ ಕೂತ.

"ಎರಡು ಡಾಲರ್ ಉಳಿಸೋಕೆ ಕೈ ಕಳ್ಕೋತಿದ್ಯಲ್ಲೋ!" ಎಂದಳು ಲವಾನ್, ಅಳುತ್ತ.

ಅವನು ತೋಟೆಗಳ ಚೀಲವನ್ನು ಕಾಲಿನಿಂದ ದೂರ ತಳ್ಳಿದ.

"ಮುಟ್ಬೇಡ ಕಣೆ. ಇದ್ರಲ್ಲಿ ಇನ್ನೆಷ್ಟು ಹೀಗಿವೆಯೋ, ನಂಗೂ ಗೊತ್ತಿಲ್ಲ."