ತೇಪೆ ಮೇಡಂ ಹಾಕಿದ ತಪ್ಪೊಪ್ಪಿಗೆ

ಅವರ ನಿಜವಾದ ಹೆಸರು ಸಂಬಳದ ಗುಮಾಸ್ತರಿಗೆ ಮಾತ್ರ ಗೊತ್ತಿತ್ತು. ಉಳಿದವರಿಗೆಲ್ಲ ಅವರು ತೇಪೆ ಮೇಡಂ. ನಮ್ಮ ಪತ್ರಿಕೆ ಕಾಗದದ ಮೇಲೆ ಅಚ್ಚಾಗುತ್ತಿದ್ದ ಕಾಲದಲ್ಲಿ ಪುಟ ಕಟ್ಟುವ ಕೆಲಸ ಅವರದು. ಸುದ್ದಿ ಸಾಲದೆ ಮೂಲೆಯಲ್ಲಿ ನಾಲ್ಕು ಬೆರಳಿನಷ್ಟು ಜಾಗ ಉಳಿದರೆ ಅಲ್ಲಿಗೊಂದು ತೇಪೆ ಹಾಕುತ್ತಿದ್ದರು: ಗ್ರಂಥಾಲಯದ ವೇಳೆ, ಕಣ್ಣುದಾನದ ವಿಳಾಸ, ಗ್ಯಾಸ್ ಸೋರಿದರೆ ಮೊದಲು ಏನು ಮಾಡಬೇಕು. ನಾನು ಎದುರಿನ ಮೇಜಿನಲ್ಲಿ ಕರಡು ತಿದ್ದುವವನು. ಎರಡೇ ಸಾಲಿನ ತೇಪೆಯನ್ನೂ ನನಗೆ ತೋರಿಸದೆ ಅವರು ಅಚ್ಚಿಗೆ ಬಿಡುತ್ತಿರಲಿಲ್ಲ.

ಮುದ್ರಣಯಂತ್ರ ಗುಜರಿಗೆ ಹೋಯಿತು, ಪತ್ರಿಕೆ ವೆಬ್‌ಸೈಟಾಗಿ ಉಳಿಯಿತು. ಮೇಡಂ ಐವತ್ತು ದಾಟಿದ ಮೇಲೆ ಹಟ ಹಿಡಿದು ಕಂಪ್ಯೂಟರ್ ಕಲಿತರು. ಜಾಹೀರಾತಿನ ಜಾಗಗಳನ್ನು ನೋಡಿಕೊಳ್ಳುವ ಕೆಲಸ ಅವರ ಪಾಲಿಗೆ ಬಂತು. ಓದುಗರು ಪುಟ ತೆರೆದ ಕೂಡಲೇ ಆ ಜಾಗಕ್ಕೆ ದುಡ್ಡು ಕೊಟ್ಟವರ ಜಾಹೀರಾತು ಬಂದು ಕೂರಬೇಕು. ಎಷ್ಟೋ ಸಲ ಯಾರದೂ ಬರುವುದಿಲ್ಲ, ಜಾಗ ಬೋಳಾಗಿ ಉಳಿಯುತ್ತದೆ. ಅಂಥ ಹೊತ್ತಿಗೆಂದು ಮೊದಲೇ ಸಿದ್ಧ ಮಾಡಿ ಇಟ್ಟುಕೊಳ್ಳುವುದೇ ಬದಲಿ ಜಾಹೀರಾತು. ಮೇಡಂ ಇಂಥ ಮೂವತ್ತು ಬದಲಿಗಳನ್ನು ತಾವೇ ಮಾಡಿಟ್ಟಿದ್ದರು. ಹಳೆಯ ತೇಪೆಗಳೇ, ಬಣ್ಣ ಮಾತ್ರ ಹೊಸದು.

ಹೋದ ವರ್ಷ ಪತ್ರಿಕೆಯ ಯಜಮಾನರ ಅಳಿಯ ವ್ಯವಸ್ಥಾಪಕರಾಗಿ ಬಂದರು.

"ಗ್ರಂಥಾಲಯದ ವೇಳೆ ತೋರಿಸಿದ್ರೆ ನಮಗೇನ್ರೀ ಲಾಭ?" ಎಂದರು. "ಖಾಲಿ ಬಿದ್ದಿರೋ ಜಾಗಾನೂ ದುಡೀಬೇಕು."

ಯಾವುದೋ ಏಜೆನ್ಸಿಯ ಜೊತೆ ಒಪ್ಪಂದವಾಗಿತ್ತು. ಅವರು ಕಳಿಸಿದ ನಾಲ್ಕು ಸಾಲಿನ ಕೋಡನ್ನು ಬದಲಿಗಳ ಜಾಗದಲ್ಲಿ ಅಂಟಿಸಿದರೆ ಸಾಕು, ಖಾಲಿ ಜಾಗವನ್ನೆಲ್ಲ ಅವರೇ ತುಂಬುತ್ತಾರಂತೆ.

"ಏನೇನು ಬರತ್ತೆ ಅಂತ ನಾವು ಮೊದ್ಲೇ ನೋಡಬಹುದಾ?" ಎಂದು ಮೇಡಂ ಕೇಳಿದರು.

"ಅದನ್ನೆಲ್ಲ ಅವರೇ ನೋಡ್ಕೋತಾರೆ. ನೀವು ಅಂಟಿಸಿ."

ಮೇಡಂ ಅಂಟಿಸಿದರು.

ಮೂರು ವಾರ ಕಳೆದಿರಬೇಕು. ಒಂದು ಬೆಳಿಗ್ಗೆ ಅವರ ಅಕ್ಕನ ಫೋನು ಬಂತು. ಎಷ್ಟು ಎಬ್ಬಿಸಿದರೂ ಭಾವ ಏಳುತ್ತಿಲ್ಲ. ಈ ಭಾವ ನಿವೃತ್ತ ಡ್ರಿಲ್ ಮಾಸ್ತರು. ಅವರು ಕೆಮ್ಮಿದರೂ ಬೀದಿಯವರು ಬೆನ್ನು ನೆಟ್ಟಗೆ ಮಾಡುತ್ತಿದ್ದರಂತೆ. ಹನ್ನೊಂದು ವರ್ಷದಿಂದ ಸಕ್ಕರೆ ಕಾಯಿಲೆಗೆ ದಿನಾ ಇಂಜೆಕ್ಷನ್ ಚುಚ್ಚಿಕೊಳ್ಳುತ್ತಿದ್ದವರು ಯಾರಿಗೂ ಹೇಳದೆ ಅದನ್ನು ನಿಲ್ಲಿಸಿಬಿಟ್ಟಿದ್ದರು. ಅಲಮಾರಿಯಲ್ಲಿ ಅಕ್ಕನಿಗೆ ಒಂದು ಪುಡಿಯ ಡಬ್ಬಿ ಸಿಕ್ಕಿತು. ಅದರ ಮೇಲೆ ಬಿಳಿ ಕೋಟಿನವನೊಬ್ಬ ಹಲ್ಲು ಕಿರಿಯುತ್ತಿದ್ದ. 'ಇಪ್ಪತ್ತೊಂದು ದಿನದಲ್ಲಿ ಪೂರ್ತಿ ವಾಸಿ. ಸೂಜಿ ಬಿಸಾಡಿ.'

ಭಾವನಿಗೆ ಪ್ರಜ್ಞೆ ಬರಲು ಎರಡು ದಿನ ಬೇಕಾಯಿತು. ಕಾಲಿನಲ್ಲಿದ್ದ ಸಣ್ಣ ಗಾಯ ಕೊಳೆತು ಬಲಗಾಲಿನ ಎರಡು ಬೆರಳುಗಳು ಹೋದವು. ನಾಲ್ಕನೆಯ ದಿನ ಮೇಡಂ ಆಸ್ಪತ್ರೆಯ ಮಂಚದ ಪಕ್ಕ ಕೂತು ಕೇಳಿದರು.

"ಭಾವಾ, ಇದೆಲ್ಲಿ ಸಿಕ್ತು ನಿಮಗೆ?"

"ನಿಮ್ ಪೇಪರಲ್ಲೇ ಇತ್ತಲ್ಲಮ್ಮ. ನೀನು ನೋಡ್ದೆ ಏನನ್ನೂ ಹಾಕಲ್ಲ ಅಂದ್ಕೊಂಡೆ."

ಆ ಮಾತನ್ನು ಆಮೇಲೆ ಅವರೇ ನನಗೆ ಹೇಳಿದರು. ದುಃಖದಿಂದಲ್ಲ, ಸಿಟ್ಟಿನಿಂದ. ಆಸ್ಪತ್ರೆಯಿಂದ ನೇರ ಕಚೇರಿಗೆ ಬಂದವರು ಹೆಗಲ ಚೀಲವನ್ನೂ ಇಳಿಸದೆ ಅಳಿಯನ ಕೋಣೆಗೆ ನುಗ್ಗಿದರು. ಬಾಗಿಲು ತೆರೆದೇ ಇತ್ತು.

"ಮೇಡಂ, ನನಗೂ ಬೇಜಾರಿದೆ," ಎಂದರು ಅಳಿಯ. "ಆದ್ರೆ ಅದು ನಾವು ಹಾಕಿದ್ದಲ್ಲ. ತಾನಾಗೇ ಬಂದಿದ್ದು."

"ತಾನಾಗೇ ಬರಕ್ಕೆ ಅದೇನು ಜಿರಲೆನಾ? ನಾವು ಬಾಗಿಲು ತೆಗೆದಿಟ್ವಿ, ಬಂತು."

"ಜಾಹೀರಾತಿಗೆ ನಾವು ಹೊಣೆಯಲ್ಲ ಅಂತ ಪುಟದ ಕೆಳಗೆ ಬರ್ದಿದೆಯಲ್ಲ?"

"ಬರ್ದಿದ್ದು ನಾನೇ. ಕನ್ನಡಕ ಹಾಕ್ಕೊಂಡ್ರೂ ಆ ಅಕ್ಷರ ನನಗೇ ಕಾಣಲ್ಲ!"

ಹೊರಗೆ ಬಂದು ಕಂಪ್ಯೂಟರ್ ಮುಂದೆ ಕೂತರು. ಏಜೆನ್ಸಿಯವರು ಲೆಕ್ಕ ನೋಡಲು ಕೊಟ್ಟಿದ್ದ ಪುಟ ತೆರೆದು, ಪರದೆಯನ್ನು ನನ್ನ ಕಡೆ ತಿರುಗಿಸಿದರು. ಪುಡಿಯ ಜಾಹೀರಾತನ್ನು ನಮ್ಮ ಸೈಟಿನಲ್ಲಿ ಓದುಗರು ಆರುನೂರ ಹನ್ನೆರಡು ಸಲ ಒತ್ತಿದ್ದರು.

"ಇವರಲ್ಲಿ ನಮ್ಮ ಭಾವ ಒಬ್ರು," ಎಂದರು. "ಮಿಕ್ಕವರು ಎಲ್ಲೆಲ್ಲಿ ಬಿದ್ದಿದಾರೋ."

ಏಜೆನ್ಸಿಯ ನಾಲ್ಕು ಸಾಲನ್ನು ಅಳಿಸಿದರು. ಅಲ್ಲಿ ಹಾಕಲೆಂದು ಒಂದೇ ಒಂದು ಬದಲಿ ಬರೆದು, ತಿದ್ದಲು ನನಗೆ ಕೊಟ್ಟರು.

'ಮೂರು ವಾರ ಇದೇ ಜಾಗದಲ್ಲಿ ಸಕ್ಕರೆ ಕಾಯಿಲೆ ವಾಸಿ ಮಾಡುವ ಪುಡಿಯ ಜಾಹೀರಾತು ಬಂದಿತ್ತು. ಅದು ಸುಳ್ಳು. ಅದನ್ನು ನಂಬಿ ಔಷಧಿ ಬಿಟ್ಟವರು ಇವತ್ತೇ ವೈದ್ಯರನ್ನು ಕಾಣಿ. ತಪ್ಪು ನಮ್ಮದು.'

ಕೆಳಗೆ ನಮ್ಮ ಮೇಜಿನ ಫೋನ್ ನಂಬರು.

"ಯಜಮಾನರನ್ನ ಒಂದು ಮಾತು ಕೇಳಬಾರದಾ?" ಎಂದೆ. ಹೆದರಿದ್ದೆ, ಸುಳ್ಳೇಕೆ ಹೇಳಲಿ.

"ಆ ಪುಡಿ ಹಾಕೋವಾಗ ಯಾರನ್ನ ಕೇಳಿದ್ರು?"

ಒಂದಕ್ಷರವನ್ನೂ ತಿದ್ದಬೇಕಾಗಿರಲಿಲ್ಲ. ಅರ್ಧ ಗಂಟೆಯಲ್ಲಿ ಖಾಲಿ ಜಾಗಗಳಲ್ಲೆಲ್ಲ ಅದೇ ಕಾಣತೊಡಗಿತು.

ಮೊದಲ ಕರೆ ಒಬ್ಬ ದರ್ಜಿ ಹೆಂಗಸಿನದು. ತಾಯಿಯ ಮಾತ್ರೆ ನಿಲ್ಲಿಸಿ ಒಂಬತ್ತು ದಿನವಾಗಿತ್ತಂತೆ. "ನಾನೇ ನಿಲ್ಲಿಸಿದೆ ಕಣ್ರೀ, ನನ್ ಕೈಯಾರೆ," ಎಂದು ಅಳುತ್ತಿದ್ದಳು. ಆಮೇಲೆ ಒಬ್ಬ ಮುದುಕರು ನಮ್ಮ ಏಳು ತಲೆಮಾರಿಗೂ ಸಲ್ಲುವಷ್ಟು ಬೈದರು. ಮೇಡಂ ಪೂರ್ತಿ ಕೇಳಿಸಿಕೊಂಡು, "ಬೈಯಿರಿ, ಆದ್ರೆ ಮೊದ್ಲು ಡಾಕ್ಟರ ಹತ್ರ ಹೋಗಿ," ಎಂದರು.

ಅಷ್ಟರಲ್ಲಿ ಅಳಿಯ ಕೆಂಡಾಮಂಡಲವಾಗಿ ಬಂದರು.

"ಏನ್ರೀ ಇದು! ನಮ್ಮ ಮುಖಕ್ಕೆ ನಾವೇ ಮಸಿ ಬಳ್ಕೊಳ್ಳೋದಾ? ಈಗಲೇ ತೆಗೀರಿ!"

"ನಾನು ತೆಗೆಯಲ್ಲ. ಬೇಕಾದ್ರೆ ನೀವೇ ತೆಗೀರಿ," ಎಂದು ಮೇಡಂ ಎದ್ದು ಕುರ್ಚಿ ಬಿಟ್ಟುಕೊಟ್ಟರು.

ಅಳಿಯ ಕೂತರು. ಮೌಸ್ ಹಿಡಿದು ಪರದೆಯ ತುಂಬ ಓಡಾಡಿದರು. ಎಲ್ಲಿ ತೆಗೆಯಬೇಕೆಂಬುದೇ ಅವರಿಗೆ ಗೊತ್ತಿರಲಿಲ್ಲ. ನನ್ನ ಕಡೆ ನೋಡಿದರು. ನಾನು ಕರಡಿನೊಳಗೆ ತಲೆ ಹುದುಗಿಸಿದೆ.

ಫೋನಿನ ಗದ್ದಲ ಕೇಳಿ ಯಜಮಾನರು ಮಹಡಿ ಇಳಿದು ಬಂದರು. ಫೋನು ಮತ್ತೆ ರಿಂಗಾದಾಗ ಅವರೇ ಎತ್ತಿದರು. ಆ ಕಡೆಯವರು ಏನು ಹೇಳಿದರೋ, ಯಜಮಾನರು ನಿಂತಲ್ಲೇ ಐದು ನಿಮಿಷ "ಹೌದು... ಹೌದು..." ಎನ್ನುತ್ತಿದ್ದರು. ಫೋನ್ ಇಟ್ಟು ಅಳಿಯನ ಕಡೆ ತಿರುಗಿ, "ಆ ಏಜೆನ್ಸಿ ಬೇಡ. ಇದು ಇಲ್ಲೇ ಇರಲಿ," ಎಂದರು. ಅಷ್ಟೇ ಹೇಳಿ ಮಹಡಿ ಹತ್ತಿದರು.

ಎರಡು ತಿಂಗಳು ಆ ತಪ್ಪೊಪ್ಪಿಗೆ ಸೈಟಿನಲ್ಲಿತ್ತು. ಇಪ್ಪತ್ತಮೂರು ಜನ ಫೋನ್ ಮಾಡಿದರು. ದರ್ಜಿಯ ತಾಯಿ ಉಳಿದರು. ನಾವು ಬರೆದ ದೂರಿಗೆ ಏಜೆನ್ಸಿಯಿಂದ ಒಂದು ಸಾಲಿನ ಉತ್ತರವೂ ಬರಲಿಲ್ಲ. ಅಳಿಯನ ಬಾಯಿಂದ ತಪ್ಪಾಯಿತೆಂಬ ಮಾತೂ ಬರಲಿಲ್ಲ. ಗಲಾಟೆ ತಣ್ಣಗಾದ ಮೇಲೆ ಅವರು ಮೇಡಂ ಅವರನ್ನು ನಿಧನವಾರ್ತೆಯ ಮೇಜಿಗೆ ಎತ್ತಿಹಾಕಿದರು. 'ಕೆಲಸದ ಹಂಚಿಕೆ' ಎಂದು ಆದೇಶದಲ್ಲಿತ್ತು. ಮೂವತ್ತು ವರ್ಷ ದುಡಿದವರಿಗೆ ಕೊಟ್ಟ ಮರ್ಯಾದೆ ಇದು! ಇದನ್ನು ಬರೆಯುವಾಗಲೂ ನನಗೆ ಮೈ ಉರಿಯುತ್ತದೆ.

ಮೇಡಂ ಸುಮ್ಮನೆ ಕೂರುವವರಲ್ಲ. ಆ ಪುಡಿ ಬೇರೆ ಸೈಟುಗಳಲ್ಲಿ ಈಗಲೂ ಬರುತ್ತಿದೆ. ದಿನಾ ಊಟದ ಬಿಡುವಿನಲ್ಲಿ ಹುಡುಕುತ್ತಾರೆ. ಕಂಡಾಗಲೆಲ್ಲ ಚಿತ್ರ ತೆಗೆದು ಆ ಸೈಟಿನವರಿಗೊಂದು, ಔಷಧ ನಿಯಂತ್ರಣ ಕಚೇರಿಗೊಂದು ಪತ್ರ ಬರೆಯುತ್ತಾರೆ. ಇಲ್ಲಿಯವರೆಗೆ ಮೂವತ್ತೆರಡು ಪತ್ರ. ಮೂರು ಸೈಟುಗಳು ಜಾಹೀರಾತು ತೆಗೆದುಹಾಕಿವೆ. ನಿಯಂತ್ರಣ ಕಚೇರಿಯಿಂದ ಮೊನ್ನೆ ಮೊದಲ ಉತ್ತರ ಬಂತು: 'ಪರಿಶೀಲನೆಯಲ್ಲಿದೆ.'

"ಏನು ಪರಿಶೀಲನೆ?" ಎಂದು ಕಾಗದವನ್ನು ಮೇಜಿಗೆ ಕುಕ್ಕಿದರು. "ಬೆರಳು ಮತ್ತೆ ಚಿಗುರತ್ತಾ ಅಂತಾನಾ?"

ಪೆನ್ನಿನ ಮುಚ್ಚಳ ಹಲ್ಲಿನಲ್ಲೇ ತೆಗೆದು ಮುಂದಿನ ಪತ್ರಕ್ಕೆ ಕೂತರು.