ನಲ್ಲಿಯ ಎತ್ತರ

ಪಾವಗಡದ ಕಡೆಯ ಹಳ್ಳಿಯೊಂದರಲ್ಲಿ ನಾನು ವಿನ್ಯಾಸ ಮಾಡಿದ್ದ ಕುಡಿಯುವ ನೀರಿನ ಘಟಕ ಶುರುವಾದ ದಿನ ಅದು. ನೆಲದ ಮೇಲಿಟ್ಟ ಬಿಂದಿಗೆ ಒಂದು ಹನಿಯೂ ಚೆಲ್ಲದಂತೆ ತುಂಬಲೆಂದು ನಲ್ಲಿಯನ್ನು ಮೊಣಕಾಲೆತ್ತರದಲ್ಲಿ ಕೂರಿಸಿದ್ದೆ. ಆ ಬಗ್ಗೆ ಸ್ವಲ್ಪ ಜಂಬವೂ ಇತ್ತು. ಮೊದಲು ಬಂದ ಅಜ್ಜಿ ಬಿಂದಿಗೆ ಹಿಡಿದುಕೊಂಡು ನೆಟ್ಟಗೆ ನಿಂತೇ ಇದ್ದರು.

"ತುಂಬಿಸ್ಕೊಳ್ಳಿ ಅಜ್ಜಿ" ಎಂದೆ.

"ಬಗ್ಗಕ್ಕಾಗಲ್ಲ ಕಣಪ್ಪ. ಬೋರ್ ನೀರಿನ ಫ್ಲೋರೈಡು ಮೂಳೆಗಿಳ್ದು ಸೊಂಟ ಕೊರಡಾಗೈತೆ. ಅದಕ್ಕೇ ಅಲ್ವಾ ಇದನ್ನ ಕಟ್ಸಿದ್ದು?"

ಬಿಂದಿಗೆ ಈಸಿಕೊಂಡು, ಬಗ್ಗಿ ತುಂಬಿಸಿ ಎತ್ತಿಕೊಟ್ಟೆ. ಅವರ ಹಿಂದೆ ಸಾಲಿನಲ್ಲಿ ಇನ್ನೂ ಎಷ್ಟೋ ಜನ ಹಾಗೇ ನೆಟ್ಟಗೆ ನಿಂತಿದ್ದರು.

ಮುಂದಿನ ವಾರ ನಲ್ಲಿಯನ್ನು ಸೊಂಟದೆತ್ತರಕ್ಕೆ ಏರಿಸಿ, ಕೆಳಗೆ ಕಟ್ಟೆ ಕಟ್ಟಿಸಿದೆ. ನಕ್ಷೆ ಬರೆಯುವ ಮುಂಚೆ ಆ ಊರಿಗೆ ಮೂರು ಸಲ ಹೋಗಿದ್ದೆ. ಮೂರು ಸಲವೂ ಅಳೆದದ್ದು ಬಿಂದಿಗೆಯನ್ನೇ.